ಒಂದೇ ಕಿಕ್ಕು

ಮೇಷ್ಟ್ರು ಗಾಡಿ ತಳ್ಳಿಕೊಂಡು ಬಂದದ್ದು
ನಾನು ಅಂಗಡಿ ಬಾಗಿಲು ಎಳೆಯುವ ಹೊತ್ತಿಗೆ.
ಅರವತ್ತೆಂಟರ ಬುಲೆಟ್ಟು. ಮೈತುಂಬ ಹೊಸ ಬಣ್ಣ,
ಹಳೇ ಹುಣಸೆಹಣ್ಣಿನ ಕೆಂಪು.
"ಒಳಗಿಟ್ಟುಕೊಳ್ಳಮ್ಮ, ಹೊರಗೆ ಬೇಡ."

ನನ್ನದು ಬೋರ್ ಮೋಟರ್ ಸುತ್ತುವ ಅಂಗಡಿ.
ಸಾವಿರದಿನ್ನೂರು ಅಡಿಯಿಂದ ಎತ್ತಿ ತಂದ
ಸುಟ್ಟ ಕರುಳುಗಳು, ವಾರ್ನಿಷ್ ವಾಸನೆ,
ತಾಮ್ರದ ತಂತಿಯ ಉಂಡೆಗಳು.
ಬೋರ್ಡಿನ ಮೇಲೆ ಅಣ್ಣನ ಹೆಸರು.
ಅಣ್ಣ ಟೊಮೆಟೊ ಮಂಡಿಗೆ ಸೇರಿ ಏಳು ವರ್ಷ.

"ಬೈಕು ನನಗೆ ಬರಲ್ಲ ಸಾರ್."
"ಮೋಟರ್ ಬರುತ್ತಲ್ಲ."
ಎಂದವರು ಬಾಗಿಲ ಕಡೆ ನೋಡಿ
ತೆಲುಗಿಗೆ ಜಾರಿದರು, ದನಿಯೂ ಇಳಿಯಿತು.
ಚಿಂತಾಮಣಿಯಲ್ಲಿ ಗುಟ್ಟು ಹೇಳುವುದು ಹಾಗೆಯೇ.

ಬಗ್ಗಿ ನೋಡಿದೆ. ಕಿಕ್ಕರಿನ ಕೆಳಗೆ
ರಬ್ಬರಿನ ತೊಗಲು ಹೊದ್ದು ಕೂತಿತ್ತು
ಮನೆಬಾಗಿಲ ಬೆಲ್ಲಿನದೊಂದು ಗುಂಡಿ.
ಕಾಲು ಗೇಣುದ್ದ ಇಳಿದರೆ ಸಾಕು,
ಗುಂಡಿ ಒತ್ತುತ್ತದೆ, ಕೊಯಮತ್ತೂರಿನ ಮೋಟರು
ಉಳಿದ ಒದೆ ಒದೆಯುತ್ತದೆ.
ಡಬಲ್ ರೋಡಿಗೆ ರೋಡೇ ನೋಡುತ್ತದೆ:
ಎಪ್ಪತ್ತೊಂದರ ರವಣಪ್ಪ, ಪೀಟಿ ಮೇಷ್ಟ್ರು,
ಅರ್ಧ ಊರಿಗೆ ಖೋಖೋ ಕಲಿಸಿದವರು,
ಈಗಲೂ ಒಂದೇ ಕಿಕ್ಕು!
ಬಲಮಂಡಿಯಲ್ಲಿ ಸ್ಟೀಲು ಇರುವುದು
ಹೆಂಡತಿಗೆ, ಡಾಕ್ಟರಿಗೆ, ಈಗ ನನಗೆ ಗೊತ್ತು.

ಒತ್ತಿದರೆ ರಿಲೇ ಟಿಕ್ ಅನ್ನುತ್ತದೆ, ಅಷ್ಟೆ.
ಹಲ್ಲಿ ಲೊಚಗುಟ್ಟಿದ ಹಾಗೆ.

ಬರುವ ಕೆಲಸವನ್ನೇ ಮೊದಲು ಮಾಡುವುದು
ನಮ್ಮಂಥವರ ರೋಗ. ಮೋಟರ್ ಬಿಚ್ಚಿದೆ.
ಬ್ರಶ್ಶು ಸರಿಯಿದೆ, ಸುರುಳಿ ಸರಿಯಿದೆ,
ಕಾಮ್ಯುಟೇಟರಿನ ಮಸಿ ಒರೆಸಿದೆ, ಮತ್ತೆ ಕೂಡಿಸಿದೆ.
ರಾತ್ರಿ ಹತ್ತಾಯಿತು.
ಟಿಕ್.
ಬ್ಯಾಟರಿಯಲ್ಲಿ ಹನ್ನೆರಡೂವರೆ ವೋಲ್ಟು,
ಮೋಟರಿನ ಬಾಯಲ್ಲಿ ನಾಲ್ಕೂ ಇಲ್ಲ.
ನಡುವೆ ಯಾರು ತಿನ್ನುತ್ತಿದ್ದಾರೆ?

ನಮ್ಮ ಬೋರ್ ಮೋಟರಿಗೆ ಮೂರು ವಯರು,
ಮೂರೂ ಒಂದಕ್ಕೊಂದು ದಾರಿ ಬಿಟ್ಟುಕೊಡುತ್ತವೆ.
ಗಾಡಿಯ ಲೆಕ್ಕ ಬೇರೆ. ಕರೆಂಟು
ಹೋಗುವುದು ವಯರಿನಲ್ಲಿ,
ಮರಳುವುದು ಮೈಯಲ್ಲಿ.
ಮೈ ಬಿಡದಿದ್ದರೆ ಹೋದದ್ದು ಹೋದಲ್ಲೇ.

"ಅರ್ಥ್ ಆಗ್ತಿಲ್ಲ ಸಾರ್" ಅಂದೆ.
"ನನಗೂ ಅರ್ಥ ಆಗ್ತಿಲ್ಲಮ್ಮ"
ಅಂದರು ಮೇಷ್ಟ್ರು, ಸ್ಟೂಲಿನ ಮೇಲೆ ಕಾಲು ನೀವುತ್ತ.
ನಗು ತಡೆದುಕೊಂಡೆ. ಹಳೇ ದಪ್ಪ ವಯರೊಂದನ್ನು
ಬ್ಯಾಟರಿಯ ಮೈನಸ್ಸಿನಿಂದ ಎಂಜಿನ್ನಿಗೆ ನೇರ ಮುಟ್ಟಿಸಿದೆ.
ಗುಂಡಿ ಒತ್ತಿದೆ. ಬುಲೆಟ್ಟು
ನಿದ್ದೆಯಲ್ಲಿ ಬೈಸಿಕೊಂಡ ಗೂಳಿಯಂತೆ ಕೊಸರಿತು.

ಬಣ್ಣ. ಹಬ್ಬಕ್ಕೆ ಹೊಡೆಸಿದ ಬಣ್ಣವೇ ಕಳ್ಳ.
ಬೋಲ್ಟಿನ ತಳಕ್ಕೂ ಮೂರು ಕೋಟು ಬಿದ್ದಿತ್ತು.
"ಕೆರೀಬೇಕು ಸಾರ್, ಒಂದು ರೂಪಾಯಗಲ."
"ಕಾಣುತ್ತಾ?"
"ಸೀಟಿನ ಕೆಳಗೆ."
ಎಮರಿ ಹಾಳೆ ಹಿಡಿದು ಉಜ್ಜಿದೆ.
ಕೆಂಪು ಹೋಗಿ ಬೂದಿ ಪ್ರೈಮರು, ಅದರಡಿ
ಯಾವ ಕಾಲದ್ದೋ ಹಸಿರು, ಅದೂ ಹೋಗಿ
ಕಬ್ಬಿಣ, ತಣ್ಣಗೆ, ಬೆಳ್ಳಗೆ.
ಮೇಷ್ಟ್ರು ಮುಖ ಆಚೆ ತಿರುಗಿಸಿದ್ದರು,
ಯಾರದೋ ಬಟ್ಟೆ ಕಳಚುತ್ತಿದ್ದೇನೋ ಎಂಬಂತೆ.

ಬೆಳಿಗ್ಗೆ ಬಂದರು, ಇಸ್ತ್ರಿ ಶರಟು.
ಟೀ ಅಂಗಡಿಯ ಎದುರಿಗೇ ಗಾಡಿ ಇಳಿಸಿ
ಹ್ಯಾಂಡಲ್ ಹಿಡಿದು, ಎದೆ ಸೆಟೆಸಿ,
ಕಾಲೆತ್ತಿ ಇಟ್ಟರು.
ಡುಗ್ ಡುಗ್ ಡುಗ್.
"ನೋಡ್ರೋ ಕಾಲು ಅಂದ್ರೆ ಕಾಲು!"
ಟೀ ಜರಡಿ ಹಿಡಿದ ಅಮಾನುಲ್ಲಾ ಕೂಗಿದ,
ತಾನೂ ಅವರ ಖೋಖೋ ಶಿಷ್ಯ.
ಮೇಷ್ಟ್ರು ನನ್ನ ಕಡೆ ನೋಡಲಿಲ್ಲ.
ನೋಡದೆ ಇರುವುದಕ್ಕೆ ಪಟ್ಟ ಕಷ್ಟ
ಒದೆಯುವುದಕ್ಕಿಂತ ಹೆಚ್ಚಿತ್ತು.

ಹೊಗೆ ಇನ್ನೂ ಆರಿರಲಿಲ್ಲ. ಟೆಂಪೋದಲ್ಲಿ
ಮುರುಗಮಲ್ಲದ ಕಡೆಯವರೊಬ್ಬರು ಮೋಟರ್ ತಂದು
ಬೋರ್ಡು ಓದಿಕೊಂಡು ಕೇಳಿದರು:
"ಅಣ್ಣ ಇದಾರಾ? ಅವರು ಸುತ್ತಿದ್ದೇ ಬಾಳಿಕೆ ಬರೋದು.
ಹೋದ ಸಲದ್ದು ಐದು ವರ್ಷ ಬಂತು."

ಐದು ವರ್ಷ. ಲೆಕ್ಕ ಹಾಕಿದೆ.
ಎಮರಿ ಹಾಳೆ ಇನ್ನೂ ಕೈಯಲ್ಲೇ ಇತ್ತು.