ಬೂಷ್ಟು ಹಿಡಿದ ಟೇಪು

ನಾಲ್ಕು ಸಿಲ್ವರ್ ಓಕ್ ಕಂಬ, ಮೇಲೊಂದು ಹಲಗೆ,
ಹಲಗೆಯ ಮೇಲೆ ನಾನು, ನನ್ನ ಕ್ಯಾಮೆರಾ,
ಮೊಣಕಾಲಿಗೆ ಮೊಣಕಾಲು ತಾಗಿಸಿ ಐರಿರ ಲವಣ್ಣ.
ನಾಪೋಕ್ಲು ಮೈದಾನ. ಏಪ್ರಿಲ್ಲಿನ ಬಿಸಿಲು.
ಕೆಳಗೆ ಹಾಕಿ ಆಡುವ ಮನೆತನಗಳು,
ಇನ್ನೂರಿದ್ದರೆ ಇನ್ನೂರರದ್ದೂ ಗೊತ್ತಿತ್ತು ಅವನಿಗೆ,
ಯಾರ ಮಗಳು ಯಾರ ಒಕ್ಕಕ್ಕೆ ಸೊಸೆ,
ಯಾರಿಗೂ ಯಾರಿಗೂ ಮಾತಿಲ್ಲ, ಯಾವ ತೋಡಿನ ನೀರಿಗೆ.

"ಚೆಂಡು ಬೈರಚ್ಚಂಡ ಪಳಂಗಪ್ಪನ ಬಳಿ,
ಮಂಡಿನೋವೆಂದು ಬ್ಯಾಂಕಿಗೆ ರಜೆ ಹಾಕಿದ ಪಳಂಗಪ್ಪ,
ಮ್ಯಾನೇಜರು ಟಿವಿ ನೋಡುತ್ತಿದ್ದರೆ ದಯವಿಟ್ಟು ಕ್ಷಮಿಸಬೇಕು,
ಓ, ದಾಟಿದ! ಇನ್ನೊಬ್ಬನನ್ನೂ ದಾಟಿದ!"

ಶುರುವಾದದ್ದು ಗೋಲಿನಿಂದಲ್ಲ.
"ಕೆಎ ಹನ್ನೆರಡು, ಹಸಿರು ಜೀಪು,
ಆಂಬುಲೆನ್ಸಿಗೆ ಅಡ್ಡ ನಿಂತಿದೆ.
ಮಾಲೀಕರು ಊಟ ಮುಗಿಸಿಯೇ ಬರಲಿ,
ಯಾರ ಮೂಳೆಯೂ ಇನ್ನೂ ಮುರಿದಿಲ್ಲ."
ಅದನ್ನು ಕೇಳಿ ನಕ್ಕ ಕೇಬಲ್ ಸಾಹುಕಾರ
ಮರುದಿನವೇ ಕರೆದು ಕೊಟ್ಟ:
ತಿಂಗಳಿಗೆ ಸಾವಿರದ ಎಂಟುನೂರು, ಒಂದು ಟೈ.
ಪೀಚೆಕತ್ತಿಗೆ ಬೆಳ್ಳಿ ಕೂರಿಸುತ್ತಿದ್ದ ಅವನಪ್ಪ
ಟೈ ಮುಟ್ಟಿ ನೋಡಿ, "ಇದಕ್ಕೆ ಹಿಡಿ ಎಲ್ಲಿ?" ಅಂದನಂತೆ.

ಅವನ ಮನೆಹೆಸರು ಆಡುವವರ ಪಟ್ಟಿಯಲ್ಲಿರಲಿಲ್ಲ.
ಒಮ್ಮೆ ಕೇಳಿದೆ. ಮೈಕಿಗೆ ಕರವಸ್ತ್ರ ಸುತ್ತುತ್ತ,
"ಎರಡೂ ಕಡೆಯಿಂದ ನಾನೇ ಆಡುತ್ತೇನಲ್ಲ ಮಾರಾಯ" ಅಂದ.
ಮತ್ತೆ ಕೇಳಲಿಲ್ಲ.

ಮಳೆ ಹಿಡಿದರೆ ಆಟವಿಲ್ಲ. ಆಗ ಬಾಣೆ ಟಿವಿಯಲ್ಲಿ
ಕರಿಮೆಣಸಿನ ದರ, ಹಾರಂಗಿಯ ಮಟ್ಟ, ನಿಧನ ವಾರ್ತೆ.
ಹಾರಂಗಿಯನ್ನು ಪೆನಾಲ್ಟಿ ಕಾರ್ನರಿನಂತೆ ಓದುತ್ತಿದ್ದ:
ಎರಡೇ ಅಡಿ ಬಾಕಿ, ಒಂದೂವರೆ...
ನಿಧನ ವಾರ್ತೆ ಮಾತ್ರ ಕೊನೆಗೂ ಬರಲಿಲ್ಲ.
"ತಮ್ಮ ಎಂಬತ್ತೆರಡನೇ ವಯಸ್ಸಿನಲ್ಲಿ" ಎನ್ನುವಾಗ
ದನಿ ತಾನಾಗಿ ಮೇಲೇರಿಬಿಡುತ್ತಿತ್ತು,
ಇನ್ನೇನು ಎಂಬತ್ತಮೂರು ಆಗಿಯೇಬಿಡುತ್ತದೆ ಎಂಬಂತೆ.
ಪೊನ್ನಂಪೇಟೆಯಿಂದ ಯಾರೋ ಫೋನು ಮಾಡಿ ಬೈದರು.
ವಿರಾಜಪೇಟೆಯ ಬೊಳ್ಳವ್ವ ಮಾತ್ರ,
"ನಂದನ್ನು ಅವನೇ ಓದಲಿ" ಎಂದು ಹೇಳಿಟ್ಟಿದ್ದಳು.
ಓದಿದ.

ಗಂಟಲಿನ ಗಡ್ಡೆಯನ್ನು ಮೈಸೂರಿನಲ್ಲಿ ತೆಗೆದರು,
ಜತೆಗೆ ಉಳಿದದ್ದನ್ನೂ.
ಬಾಣೆ ಟಿವಿ ಇದ್ದ ಮಳಿಗೆಯಲ್ಲೀಗ ಹೆಲ್ಮೆಟ್ ಮಾರುತ್ತಾರೆ.
ಆಟವನ್ನು ಹುಡುಗರು ಫೋನಿನಲ್ಲೇ ಬಿಡುತ್ತಾರೆ,
ಗಾಳಿಯ ಸದ್ದೊಂದೇ ಅದರಲ್ಲಿ.

ಮೊನ್ನೆ ಟ್ರಂಕು ತೆಗೆದೆ.
ಕೊಡಗಿನ ಥಂಡಿ ಯಾರನ್ನು ಬಿಟ್ಟಿದೆ,
ಇಪ್ಪತ್ತು ವರ್ಷದ ನನ್ನ ಚಿತ್ರಗಳಿಗೆಲ್ಲ ಬೂಷ್ಟು.
ಪ್ಲೇಯರು ಹೊತ್ತು ಅವನ ಮನೆಗೇ ಹೋದೆ.
ತೆರೆಯ ತುಂಬ ಬಿಳಿ ಹುಳುಗಳು ಹರಿಯುತ್ತಿವೆ,
ಒಬ್ಬ ಆಟಗಾರನೂ ಇಲ್ಲ, ಗೋಲುಕಂಬವಿಲ್ಲ.
ಅದರೊಳಗಿಂದ, ಒಂದಿಷ್ಟೂ ಕೆಡದೆ, ಅವನು:
"ಮಂಜು ಇಳಿಯುತ್ತಿದೆ, ಕೊನೆಯ ನಿಮಿಷ,
ಕೋಳುಮಾಡದವರು ಒಳಗೆ ನುಗ್ಗಿದರು, ಹೊಡೆದ, ಗೋ... ಲ್!"
ಆಮೇಲೆ ಅಂಪೈರಿನ ಸೀಟಿ.
ಆಮೇಲೆ ಇಡೀ ಮೈದಾನ.

ನನ್ನ ಕಣ್ಣು ಒದ್ದೆಯಾಗಿತ್ತು, ಸುಳ್ಳು ಯಾಕೆ ಹೇಳಲಿ.
ಲವಣ್ಣ ಸ್ಲೇಟು ಎಳೆದುಕೊಂಡು ಬರೆದ:
"ಗೋಲಲ್ಲ ಅದು. ಅವನ ಕಾಲಿಗೆ ತಾಗಿತ್ತು.
ಅಷ್ಟರಲ್ಲಿ ನಾನು ಕೂಗಿಬಿಟ್ಟಿದ್ದೆ.
ಮಂಜಿನಲ್ಲಿ ಅಂಪೈರಿಗೇನು ಕಾಣುತ್ತೆ,
ನನ್ನ ದನಿ ಕೇಳಿ ಊದಿದ."

ಕೋಳುಮಾಡ ಐನ್‌ಮನೆಯ ಗಾಜಿನ ಕಪಾಟಿನಲ್ಲಿ
ಆ ಕಪ್ಪು ಇವತ್ತಿಗೂ ಇದೆ. ಪ್ರತಿ ಹುತ್ತರಿಗೆ ಹೊಳೆಯಿಸುತ್ತಾರೆ.
ಸಾಕ್ಷಿ ಹೇಳಬೇಕಿದ್ದ ಚಿತ್ರ ನನ್ನದು,
ಅದನ್ನು ಬೂಷ್ಟು ತಿಂದಿದೆ.

ಅಂಗೈಯಲ್ಲಿ ಸ್ಲೇಟು ಒರೆಸಿದ.
ಒರೆಸಿ, ತೋರುಬೆರಳನ್ನು ಗಾಳಿಯಲ್ಲಿ ಸುತ್ತಿ ತೋರಿಸಿದ:
ಹಿಂದಕ್ಕೆ ಓಡಿಸು,
ಇನ್ನೊಂದು ಸಲ.