ಪಾಸಂಗ

ಮಂಡಿ ಮೊಹಲ್ಲಾದ ಅಡ್ಡರಸ್ತೆ ಮುಗಿಯುವಲ್ಲಿ
ಬೀಡಿ ಅಂಗಡಿಗೂ ಮಸೀದಿಯ ಗೋಡೆಗೂ ನಡುವೆ
ಒಬ್ಬರೇ ಕೂರುವಷ್ಟು ಜಾಗದಲ್ಲಿ
ಗೌಸ್‌ಪೀರ್ ಸಾಬರು ತಕ್ಕಡಿ ರಿಪೇರಿ ಮಾಡುತ್ತಾರೆ.
ನಮ್ಮ ಹುಣಸೆಹಣ್ಣಿನ ಅಂಗಡಿಯ ತಕ್ಕಡಿ
ಎಡಕ್ಕೆ ವಾಲುತ್ತದೆಂದು ಗಿರಾಕಿಯೊಬ್ಬಳು ಜಗಳ ತೆಗೆದ ಮೇಲೆ
ಹೊತ್ತುಕೊಂಡು ಹೋದೆ.

"ಕೂತ್ಕೊಳಮ್ಮ" ಅಂದರು.
ಕೂರಲು ಇದ್ದದ್ದು ಅರ್ಧ ಮಣದ ಬಟ್ಟು.

ಹಲಗೆಯ ಮೇಲೆ ಸಾಲಾಗಿ ತುಕ್ಕು ಹಿಡಿದ ದೊರೆತನಗಳು.
ಒಂದು ಸೇರು, ಪಟ್ಟಣದ ಕೋಟೆ ಬೀಳುವ ಮೊದಲಿನದಂತೆ,
ಮುದ್ರೆ ಸವೆದು ಯಾರದೆಂದು ಓದಲಾಗದು.
ಎರಡು ತಲೆಯ ಹಕ್ಕಿ ಕೂತ ಅಚ್ಚೇರು.
ಕಿರೀಟ ಹೊತ್ತ ರತ್ತಲು.
"ಇದನ್ನ ಕಂಡ್ರೆ ನಮ್ಮಜ್ಜಿ ಎದ್ದು ನಿಲ್ತಿದ್ಲು.
ಈಗ ಗಾಳಿ ಬಂದಾಗ ಬೀಡಿ ಅಂಗಡಿಯವನು ಇಸ್ಕೊಂಡು ಹೋಗ್ತಾನೆ,
ಬಾಗಿಲು ಬಡ್ಕೊಳ್ಳದಂಗೆ."

ಬರ ಬಂದ ವರ್ಷ ಎರಡು ಕೈ ಕುಲುಕುವ ಚಿತ್ರದ ಚೀಲದಲ್ಲಿ
ಅಮೆರಿಕದ ಗೋಧಿ ಬಂತು.
ಚೀಲದಲ್ಲಿ ಇವರಿಗೆ ಚಡ್ಡಿ ಹೊಲಿಸಿದರು.
ಕುಲುಕುವ ಕೈಗಳು ಸರಿಯಾಗಿ ಹಿಂಬದಿಗೆ ಬಂದವು.
ಇಡೀ ಶಾಲೆ ನಕ್ಕಿತು.

ತೊಲದ ಬಟ್ಟುಗಳಿಗೆ ಸುತ್ತಿದ ಕಾಗದ ಇನ್ನೂ ನುಣುಪು:
ಹಿಮದ ನಡುವೆ ಟ್ರ್ಯಾಕ್ಟರ್ ಹತ್ತಿ ನಗುವ ರಷ್ಯದ ಹುಡುಗಿ.
"ಅವಳ ದೇಶಾನೇ ಈಗ ಇಲ್ವಂತೆ"
ಎಂದು ಹೆಬ್ಬೆರಳಲ್ಲಿ ಅವಳ ಮುಖದ ಧೂಳು ಒರೆಸಿದರು.

ನಾನು ನೋಡುತ್ತಿದ್ದದ್ದು ಗೋಡೆಗೆ ತೂಗಿದ್ದ
ಅವರ ಸ್ವಂತ ತಕ್ಕಡಿಯನ್ನು.
ಒಂದು ತಟ್ಟೆಯಡಿ ತಂತಿ ಸುತ್ತಿ ಕಟ್ಟಿದ ಬಿಳಿ ಕಲ್ಲು.

"ಅದಾ? ಪಾಸಂಗ.
ನಮ್ಮಜ್ಜ ಮೈಸೂರು ಕುದುರೆ ಪಡೆ ಜೊತೆ
ಹೈಫಾಕ್ಕೆ ಹೋಗಿದ್ದ, ಲಾಯದಾಳು.
ಅಲ್ಲಿ ತುರ್ಕಿಯ ಸುಲ್ತಾನ, ಜರ್ಮನಿಯ ಕೈಸರು, ಇಂಗ್ಲಿಷರ ದೊರೆ
ಮೂರು ಜನಕ್ಕೂ ಜಿದ್ದು."
ಅಜ್ಜ ಯಾರ ಕಡೆ ಅಂತ ಕೇಳಿದೆ.
"ಹುರುಳಿ ನೆನೆಸೋ ಕಡೆ.
ಒಂದು ಕುದುರೆ ಕುಂಟ್ತಿತ್ತು. ಗೊರಸಲ್ಲಿ ಇದು ಸಿಕ್ಕೊಂಡಿತ್ತು.
ಕಿತ್ತು ಜೇಬಿಗೆ ಹಾಕ್ಕೊಂಡ."

ಸುಲ್ತಾನ ಹೋದ, ಕೈಸರು ಹೋದ,
ದೊರೆಯ ರತ್ತಲು ಬೀಡಿ ಅಂಗಡಿಯ ಬಾಗಿಲಲ್ಲಿದೆ.
ಯಾರನ್ನಾದರೂ ಹಳಿಯಬೇಕಾದರೆ ನಮ್ಮ ಮಾವ
"ನಮ್ಮ ಪಾಸಂಗಕ್ಕೂ ಬರಲ್ಲ ಅವನು" ಅನ್ನುತ್ತಾರೆ.
ಅಷ್ಟು ಚಿಕ್ಕದು ಅದು, ಲೆಕ್ಕಕ್ಕಿಲ್ಲದ್ದು;
ಬಿಚ್ಚಿದರೆ ಮಾತ್ರ ಮುಳ್ಳು ನಿಲ್ಲುವುದಿಲ್ಲ.

ಮೂಲೆಯಲ್ಲಿ ಕೆಂಪು ಅಂಕಿಯ ಎಲೆಕ್ಟ್ರಾನಿಕ್ ತಕ್ಕಡಿ,
ಬೆನ್ನ ಮೇಲೆ ಚೀನೀ ಅಕ್ಷರ, ಯಾರೋ ಬಿಟ್ಟು ಹೋದದ್ದು.
"ಇದಕ್ಕೆ ಪಾಸಂಗ ಎಲ್ಲಿ ಕಟ್ಟೋದು ಅಂತ
ಒಂದು ತಿಂಗಳಿಂದ ನೋಡ್ತಿದೀನಿ."

ಆಮೇಲೆ ನಮ್ಮ ತಕ್ಕಡಿಯನ್ನು ಮಗುಚಿದರು.
ಹಣ್ಣು ಇಡುವ ತಟ್ಟೆಯ ತಳದಲ್ಲಿ
ಕಲ್ಲಿನಂತೆ ಒಣಗಿ ಅಂಟಿದ ಹುಣಸೆಯುಂಡೆ, ನಿಂಬೆಗಾತ್ರ.
ತಾನಾಗಿ ಅಂಟಿದ್ದಲ್ಲ; ಮೇಲೆ ಬೆರಳಿನ ಗುರುತಿತ್ತು.
ಸಾಬರು ನನ್ನ ಮುಖ ನೋಡಲಿಲ್ಲ.
ಉಳಿಯಲ್ಲಿ ಕೆರೆದು ತೆಗೆದು,
ಸೀಮೆಎಣ್ಣೆಯಲ್ಲಿ ಒರೆಸಿ
"ಮೂವತ್ತು ರೂಪಾಯಿ" ಅಂದರು.

ಸಂಜೆ ಗಲ್ಲಾದ ಹಿಂದಿನಿಂದ ಮಾವ ಕೂಗಿದರು:
"ಏನಮ್ಮ, ಇವತ್ತು ಹಣ್ಣು ಇಷ್ಟು ಬೇಗ ಮುಗೀತು?"
ನಾನು ತಲೆ ತಗ್ಗಿಸಿ ಬೀಜ ಆರಿಸುತ್ತಿದ್ದೆ.
ಎದುರಿಗೆ ಮುಳ್ಳು ನೆಟ್ಟಗೆ ನಿಂತಿತ್ತು.