ಮೂವತ್ತೆಂಟೋ, ಮೂವತ್ತೊಂಬತ್ತೋ

ಹಾಪ್ಸಾಲು ಪಾಚಿ ಅಧ್ಯಯನ ಸಂಘದ
ಅರವತ್ತೆರಡನೆಯ ವರದಿ ಬರೆಯಲು ಕೂತಿದ್ದೇನೆ.
ಹೊರಗೆ ಕಡಲು ಗಟ್ಟಿಯಾಗಿದೆ,
ಹೆಪ್ಪು ಹಾಕಿ ಮರೆತು ಹೋದವರ ಪಾತ್ರೆಯ ಹಾಗೆ.

ಸಂಘಕ್ಕೆ ಕಟ್ಟಡವಿಲ್ಲ. ಮುದ್ರೆ ಉಂಟು.
ಮೂರು ಸೂಕ್ಷ್ಮದರ್ಶಕ, ಅದರಲ್ಲೊಂದು ಕುರುಡು.
ಗ್ರಂಥಾಲಯದ ಹಿಂದಿನ ಕೋಣೆ, ಮಂಗಳವಾರ ಸಂಜೆ
ಆರರಿಂದ ಎಂಟು; ಬೀಗದ ಕೈ ವೈಕೆಯ ಕೋಟಿನ ಜೇಬಲ್ಲಿ.

ಈ ವರ್ಷ ಮಾಡಿದ್ದು:
ಜೌಗಿಗೆ ನಾಲ್ಕು ನಡಿಗೆ. ಐದನೆಯದು ಮಂಜಿನಿಂದ ರದ್ದು.
(ಮಂಜಲ್ಲ, ಉರ್ಮಸನ ಕಾರು. ವರದಿಯಲ್ಲಿ ಮಂಜೇ ಇರಲಿ.)
ಹೀಯುಮಾ ದ್ವೀಪದ ಸುಣ್ಣಕಲ್ಲ ಗೋಡೆಯೊಂದರಿಂದ
ಹದಿನೇಳು ಜಾತಿ ಪಟ್ಟಿಗೆ ಬಂದವು;
ಹದಿನೆಂಟನೆಯದಕ್ಕೆ ಇನ್ನೂ ಜಗಳ.
ಎಲೆಯಂಚಿಗೆ ಹಲ್ಲುಂಟು ಅನ್ನುತ್ತಾಳೆ ಹೆಲ್ಮಿ,
ಅದು ನಿನ್ನ ಕನ್ನಡಕದ ಗೀರು ಅನ್ನುತ್ತಾನೆ ಆರ್ವೋ,
ಜೂನ್ ತಿಂಗಳಿಂದ ಇಬ್ಬರದೂ ಬೇರೆ ಬೇರೆ ಬೆಂಚು.
ಪತ್ರಿಕೆ ಒಂದು ಸಂಚಿಕೆ, ಎರಡಾಗಬೇಕಿತ್ತು.
ಕೈಯಲ್ಲಿ ಉಳಿದದ್ದು ಇನ್ನೂರ ಹನ್ನೊಂದು ಯೂರೋ,
ಚಹಾ ಡಬ್ಬಿಯ ಚಿಲ್ಲರೆ ಬಿಟ್ಟು.

ಇಷ್ಟು ಬರೆಯುವುದು ಸಲೀಸು.
ಪೆನ್ನು ತಡವರಿಸುವುದು ಸದಸ್ಯರ ಸಂಖ್ಯೆಯಲ್ಲಿ.

ಕಳೆದ ಸಲ ನಲವತ್ತೊಂದು.
ತಾರ್ತುವಿಗೆ ಮನೆ ಬದಲಿಸಿದವರು ಒಬ್ಬರು.
"ಇನ್ನು ಬಗ್ಗಲಾರೆ" ಎಂದು ಎರಡೇ ಪದದ ಕಾಗದ ಬರೆದವರು ಒಬ್ಬರು
(ಪಾಚಿ ನೋಡುವವರಿಗೆ ಬೆನ್ನೇ ಬಂಡವಾಳ).
ಮೂರು ನೆನಪೋಲೆಗೂ ಉತ್ತರಿಸದೆ
ತಾನಾಗಿ ಉದುರಿದವನೊಬ್ಬ.
ಹೊಸದಾಗಿ ಸೇರಿದವಳು ಮಾರಿಲಿಸ್, ವಯಸ್ಸು ಹದಿಮೂರು:
ಅರ್ಜಿಯ 'ವಿಶೇಷ ಆಸಕ್ತಿ' ಕಾಲಮ್ಮಿನಲ್ಲಿ
"ಬಸ್ ನಿಲ್ದಾಣದ ಸೂರು, ಉತ್ತರದ ಮೂಲೆ" ಅಂತ ಬರೆದಿದ್ದಾಳೆ.
ಹೋಗಿ ನೋಡಿ ಬಂದೆವು. ನಿಜ, ಅಲ್ಲೇನೋ ಇದೆ.

ಮತ್ತೆ, ಲೆಂಬಿತ್.
ಅಕ್ಟೋಬರಿನಲ್ಲಿ ಮಣ್ಣು ಮಾಡಿದೆವು. ನಾನೂ ಒಂದು ಹಿಡಿ ಹಾಕಿದೆ,
ಹಾಕುವ ಮೊದಲು ಅಂಗೈ ತಿರುಗಿಸಿ ನೋಡಿದೆ, ಅಭ್ಯಾಸಬಲ.
ಜಿಪುಣ ಮನುಷ್ಯ. ಚಂದಾ ಏರುವ ಸುದ್ದಿ ಕಿವಿಗೆ ಬಿದ್ದದ್ದೇ
ಹಳೆಯ ದರದಲ್ಲಿ ಐದು ವರ್ಷದ್ದು ಒಟ್ಟಿಗೆ ಕಟ್ಟಿ
ಕಾಡಿ ಕಾಡಿ ರಸೀದಿ ಬರೆಸಿಕೊಂಡಿದ್ದ.
ನಿಯಮ ಏಳು: ಚಂದಾ ಸಂದಾಯವಾಗಿರುವಷ್ಟು ಕಾಲ
ಸದಸ್ಯತ್ವ ಊರ್ಜಿತ.
ಸಾವಿನ ಮಾತು ಎಲ್ಲೂ ಇಲ್ಲ.
ನಿಯಮ ಬರೆದವರೆಲ್ಲ ಆಗ ಮೂವತ್ತರ ಒಳಗಿನವರು.

ಹಣ ಹಿಂತಿರುಗಿಸಲು ಹೋದರೆ ಹೆಂಡತಿ ಲೈನೆ
ಬಾಗಿಲು ಅರ್ಧ ತೆರೆದು ಅಂದಳು:
"ಅವರು ಕೊಡುವುದೇ ಅಪರೂಪ, ಕೊಟ್ಟದ್ದು ಅಲ್ಲೇ ಇರಲಿ."
ಬದಲಿಗೆ ಒಂಬತ್ತು ಷೂ ಡಬ್ಬಿ ಹೊರಿಸಿ ಕಳಿಸಿದಳು.
ಒಳಗೆಲ್ಲ ಮಡಿಸಿದ ಪೊಟ್ಟಣ:
ಬಿಸ್ಕತ್ತಿನ ಕಾಗದ, ಕರೆಂಟು ಬಿಲ್ಲು, ನಮ್ಮದೇ ನೆನಪೋಲೆ;
ಮೇಲೆ ಪೆನ್ಸಿಲಿನ ಸಾಸಿವೆ ಅಕ್ಷರ,
ಯಾವ ಮರ, ಯಾವ ಮಗ್ಗುಲು, ಗಾಳಿ ಎತ್ತಲಿಂದ.

ನಿನ್ನೆ ರಾತ್ರಿ ಒಂದು ಬಿಚ್ಚಿದೆ. ಹದಿನೆಂಟು ವರ್ಷದ ಹಿಂದಿನದು,
ಕಂದು, ನಶ್ಯದ ಹಾಗೆ.
ಒಂದು ಹನಿ ನೀರು ಬಿಟ್ಟು ಕಣ್ಣಿಟ್ಟೆ.
ಮುದುರಿದ್ದ ಎಲೆ ಮೆಲ್ಲಗೆ ಮೈ ಬಿಟ್ಟಿತು.
ನೀರು ಕಂಡರೆ ಸತ್ತದ್ದೂ ಬಿಚ್ಚಿಕೊಳ್ಳುತ್ತದೆ,
ಅದಕ್ಕೆ ಅರ್ಥ ಹಚ್ಚಬೇಡಿ ಎಂದು
ವರ್ಷಾ ವರ್ಷ ಹೊಸಬರಿಗೆ ಹೇಳುವವನು ನಾನೇ.
ಹಚ್ಚಲಿಲ್ಲ.
ದೀಪ ಆರಿಸುವ ಮುನ್ನ ಇನ್ನೊಂದು ಹನಿ ಬಿಟ್ಟೆ.

ಸದಸ್ಯರು ಮೂವತ್ತೊಂಬತ್ತು, ಎಂದು ಬರೆದಿದ್ದೇನೆ.
ಮಾರಿಲಿಸ್ ಲೆಕ್ಕದಲ್ಲಿ ಚುರುಕು, ಹೆಸರು ಎಣಿಸಿಯೇ ಎಣಿಸುತ್ತಾಳೆ,
ಕೇಳಲಿ.
ಮುಂದಿನ ವರ್ಷದ ಕೆಲಸದ ಅಡಿಯಲ್ಲಿ ಸೇರಿಸಿದ್ದೇನೆ:
ಡಬ್ಬಿ ಒಂದರಿಂದ ಮೂರು, ಅವಳ ವಶ.
ಅವನ ಅಕ್ಷರ ಓದಲು ಎಳೆಯ ಕಣ್ಣೇ ಬೇಕು.